ಟರ್ಕಿಯನ್ನು ನಮ್ಮ ಜಗಳಕ್ಕೆ ದೊಣ್ಣೆ ಮಾಡಿಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಈಚೆಗೆ ಟರ್ಕಿ ದೇಶದ ಮಾತು ಎರಡು ಸಲ ಬಂತು. ಒಬ್ಬರು ಬರೆದಿದ್ದರು: ಟರ್ಕಿ ಗಣರಾಜ್ಯವನ್ನು ಕಟ್ಟಿದ ಅತಾತುರ್ಕ್ ಅಲ್ಲಿ ಧರ್ಮವನ್ನು ಹಿಡಿತಕ್ಕೆ ತಂದ ಹಾಗೆ ಇಲ್ಲೂ ಮಾಡಿದರೆ ಎಲ್ಲರೂ ದಾರಿಗೆ ಬರುತ್ತಾರೆ. ವಾರ ಕಳೆಯುವುದರೊಳಗೆ ಇನ್ನೊಬ್ಬರ ಉತ್ತರ ಬಂತು: ಟರ್ಕಿಯೇ ತಿರುಗಿ ಧರ್ಮದ ಕಡೆ ಹೋಗಿದೆ, ಮುಸ್ಲಿಮರು ಜಾಸ್ತಿ ಇರುವ ಕಡೆ ಜಾತ್ಯತೀತತೆ ನಡೆಯುವುದೇ ಇಲ್ಲ. ನಮ್ಮೂರ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದ ಟೀ ಅಂಗಡಿಯಲ್ಲೂ ಯಾರೋ ಇದನ್ನೇ ಜೋರಾಗಿ ಹೇಳುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಗೂಡಿನಿಂದ ನೂಲು ತೆಗೆಯುವ ಮೂವರು ಮುಸ್ಲಿಂ ರೀಲರ್‌ಗಳು ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದರು. ಅವರ ಮುಖ ನೋಡಿ ನನಗೆ ಸಂಕಟ ಆಯಿತು. ಅದಕ್ಕೇ ಈ ಪತ್ರ. ಉದ್ದ ಆದರೆ ದಯವಿಟ್ಟು ಕ್ಷಮಿಸಿ.

ನಾನು ಶಿಡ್ಲಘಟ್ಟದವಳು. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಹಳ್ಳಿ ಹಳ್ಳಿ ತಿರುಗಿ, ಹುಳುಮನೆಗಳಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆ ನೋಡಿ, ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆಯೋ ಇಲ್ಲವೋ ಹೇಳಿ ಬದುಕಿದವಳು. ನನ್ನ ಮಗಳು ಮತ್ತು ಅಳಿಯ ಟರ್ಕಿಯ ಬುರ್ಸಾ ಅನ್ನುವ ಊರಿನಲ್ಲಿದ್ದಾರೆ. ಕಾರು ತಯಾರಿಸುವ ಕಾರ್ಖಾನೆಗಳಿರುವ ದೊಡ್ಡ ಊರು ಅದು. ಮಗಳ ಬಾಣಂತನಕ್ಕೆ ಅಂತ 2024ರ ಫೆಬ್ರವರಿ ಕೊನೆಗೆ ಹೋದವಳು ಮೇ ತಿಂಗಳಲ್ಲಿ ವಾಪಸು ಬಂದೆ. ಹಾಗಾಗಿ ನಾನು ಟರ್ಕಿ ನೋಡಿದ್ದೇನೆ ಅಂದರೆ ಒಂದು ಊರು, ಅದರಲ್ಲಿ ಒಂದು ಬೀದಿ, ನಾಲ್ಕು ಮಹಡಿಯ ಒಂದು ಕಟ್ಟಡ, ಅಷ್ಟೇ. ಆದರೆ ಒಂದು ರಮ್ಜಾನ್ ತಿಂಗಳು ಪೂರ್ತಿ ಅಲ್ಲಿದ್ದೆ. ಅಡುಗೆಮನೆ ಕಿಟಕಿಯಿಂದ ಎಷ್ಟೋ ಕಾಣುತ್ತದೆ.

ನಾನು ಹೋದ ಮೂರನೇ ದಿನ ಮೇಲಿನ ಮನೆಯ ಹೆಂಗಸು ಒಂದು ಗಾಜಿನ ಹೂಜಿ ಹಿಡಿದುಕೊಂಡು ಬಂದರು. ಒಳಗೆ ಕೆಂಪು ಪಾನಕ. ಚಕ್ಕೆ, ಲವಂಗದ ವಾಸನೆ. ಹೂಜಿಯ ಕುತ್ತಿಗೆಗೆ ಕೆಂಪು ರಿಬ್ಬನ್. ಬಾಣಂತಿಗೆ ಕೊಡುವ ಶರ್ಬತ್ತಂತೆ. ಮಗಳ ತಲೆಗೂ ಒಂದು ಕೆಂಪು ಪಟ್ಟಿ ಕಟ್ಟಿದರು. ಮಗುವಿನ ಅಂಗಿಗೆ ನೀಲಿ ಗಾಜಿನ ಕಣ್ಣು ಚುಚ್ಚಿ ‘ಮಾಷಲ್ಲಾಹ್’ ಅಂದರು. ನಾನು ಆಗತಾನೇ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದೆ. ಅವರು ಅದನ್ನು ನೋಡಿದರು, ನಾನು ಆ ಕಣ್ಣನ್ನು ನೋಡಿದೆ. ಭಾಷೆ ಬೇಕಾಗಲಿಲ್ಲ. ನಲವತ್ತು ದಿನ ತಾಯಿ ಮಗು ಹೊರಗೆ ಹೋಗಬಾರದು ಅಂತ ಅವರೂ ಹೇಳಿದರು, ನಾನೂ ಹೇಳಿದೆ. ಮಗಳಿಗೆ ಇಬ್ಬರು ಅಮ್ಮಂದಿರ ಕಾಟ ಆಯಿತು.

ಅವರನ್ನು ಮಗಳು ತೆಯ್ಜೆ ಅಂತ ಕರೆಯುತ್ತಿದ್ದಳು. ತಾಯಿಯ ಅಕ್ಕತಂಗಿಯರನ್ನು ಕರೆಯುವ ಪದ, ನಮ್ಮ ದೊಡ್ಡಮ್ಮ ಚಿಕ್ಕಮ್ಮನ ಹಾಗೆ. ತರಕಾರಿ ಮಾರುವವಳಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವಳ ತನಕ ಎಲ್ಲರನ್ನೂ ಹೀಗೇ ಕರೆಯುತ್ತಾರೆ. ನನ್ನನ್ನು ಅವರು ಅಬ್ಲಾ, ಅಂದರೆ ಅಕ್ಕ, ಅನ್ನುತ್ತಿದ್ದರು.

ಈ ತೆಯ್ಜೆ ಐದು ಹೊತ್ತು ನಮಾಜು ಮಾಡುವವರು. ತಲೆವಸ್ತ್ರ ಕಟ್ಟದೆ ಬಾಗಿಲು ತೆಗೆಯುವವರಲ್ಲ. ಅವರ ಮನೆಯ ನಡುಕೋಣೆಯಲ್ಲಿ ಎರಡು ಚೌಕಟ್ಟುಗಳಿದ್ದವು. ಒಂದರಲ್ಲಿ ಕುರಾನಿನ ಸಾಲು. ಇನ್ನೊಂದರಲ್ಲಿ ಅತಾತುರ್ಕ್ ಅವರ ಫೋಟೊ, ಸೂಟು ಹಾಕಿ, ನೀಲಿ ಕಣ್ಣಿನಿಂದ ನೇರ ನೋಡುತ್ತಿರುವುದು. ಪತ್ರ ಬರೆದ ಇಬ್ಬರೂ ಆ ಗೋಡೆಯನ್ನು ಒಂದು ಸಲ ನೋಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ರಮ್ಜಾನ್ ಮಾರ್ಚ್ 11ಕ್ಕೆ ಶುರುವಾಯಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಬೀದಿಯಲ್ಲಿ ಡೋಲು. ಮೊದಲ ದಿನ ನಾನು ಗಾಬರಿಯಾಗಿ ಎದ್ದು ಕೂತೆ. ಊಟಕ್ಕೆ ಏಳಿ ಅಂತ ಎಬ್ಬಿಸುವವನು ಅವನು. ನಮ್ಮೂರಿನಲ್ಲೂ ಸಹರಿ ಹೊತ್ತಿಗೆ ಕೂಗಿ ಎಬ್ಬಿಸುತ್ತಾರೆ, ಆದರೆ ಅಲ್ಲಿಯ ಡೋಲು ಕಿಟಕಿ ಗಾಜನ್ನೇ ನಡುಗಿಸುತ್ತಿತ್ತು. ಉಪವಾಸ ಮಾಡುವವರ ಮನೆ ಯಾವುದು, ಮಾಡದವರ ಮನೆ ಯಾವುದು ಅಂತ ದೀಪ ನೋಡಿದರೆ ಗೊತ್ತಾಗುತ್ತದೆ. ಎದುರಿನ ಕಟ್ಟಡದಲ್ಲಿ ಎಂಟು ಮನೆಗಳಲ್ಲಿ ಮೂರರಲ್ಲಿ ದೀಪ ಹತ್ತುತ್ತಿತ್ತು. ನಾನು ದಿನವೂ ಎಣಿಸುತ್ತಿದ್ದೆ. ಮಗುವಿಗೂ ಆ ಹೊತ್ತಿಗೇ ಎಚ್ಚರ ಆಗುತ್ತಿತ್ತು.

ಹಗಲು ಹೊತ್ತು ಹೋಟೆಲುಗಳು ತೆರೆದೇ ಇದ್ದವು. ಮರದ ನೆರಳಿನ ಟೀ ಅಂಗಡಿಗಳಲ್ಲಿ ಜನ ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದರು. ಹಗಲು ತಿನ್ನಬಾರದು ಅನ್ನುವ ಕಾನೂನು ಅಲ್ಲಿಲ್ಲ. ತೆಯ್ಜೆಯ ಮಗ ಉಪವಾಸ ಮಾಡುವುದಿಲ್ಲ. ಆದರೆ ವರ್ಷವೆಲ್ಲ ಸಂಜೆ ರಾಕಿ ಕುಡಿಯುವವನು ಆ ತಿಂಗಳು ಬಾಟಲು ಮುಟ್ಟುವುದಿಲ್ಲ. ನಮ್ಮಲ್ಲಿ ಶ್ರಾವಣದಲ್ಲಿ ಎಷ್ಟು ಜನ ಬಾಡು, ಬಾಟಲು ಎರಡನ್ನೂ ಬಿಡುವುದಿಲ್ಲ ಹೇಳಿ? ‘ಇವನು ಎಂಥ ಮುಸ್ಲಿಮ?’ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಸಂಜೆ ಬೇಕರಿ ಮುಂದೆ ಉದ್ದ ಸಾಲು. ಎಳ್ಳು, ಕಪ್ಪು ಜೀರಿಗೆ ಉದುರಿಸಿದ ದುಂಡು ಬ್ರೆಡ್ಡು, ರಮ್ಜಾನ್ ಪೀದೆ ಅನ್ನುತ್ತಾರೆ. ಉಪವಾಸ ಇದ್ದವರೂ ಇಲ್ಲದವರೂ ಅದೇ ಸಾಲಿನಲ್ಲಿ. ಬಿಸಿ ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಮನೆ ಕಡೆ ಓಡುವುದು ನೋಡಲು ಚೆಂದ.

ಕೆಳಗಿನ ಮನೆಯವರ ವಿಷಯ ಹೇಳಬೇಕು. ಅವರು ಅಲೆವಿಗಳು. ನನಗೆ ಆ ಪದವೇ ಹೊಸದು. ಅವರೂ ಮುಸ್ಲಿಮರೇ, ಆದರೆ ಮಸೀದಿಗೆ ಹೋಗುವುದಿಲ್ಲ. ಜೆಮ್‌ಎವಿ ಅನ್ನುವ ಅವರದೇ ಪ್ರಾರ್ಥನಾಮಂದಿರದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು, ತಂತಿವಾದ್ಯ ನುಡಿಸಿ, ಹಾಡಿ ಪ್ರಾರ್ಥನೆ ಮಾಡುತ್ತಾರೆ. ರಮ್ಜಾನ್‌ನಲ್ಲಿ ಉಪವಾಸ ಇಲ್ಲ, ಮೊಹರಂನಲ್ಲಿ 12 ದಿನ ಮಾಡುತ್ತಾರೆ. ಆ ಮನೆಯ ಹೆಂಗಸು ಮಧ್ಯಾಹ್ನ ಈರುಳ್ಳಿ ಹುರಿಯುವ ಮುಂಚೆ ಎದ್ದು ಅಡುಗೆಮನೆ ಕಿಟಕಿ ಮುಚ್ಚುತ್ತಿದ್ದರು. ಮುಚ್ಚಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೇಲಿನ ತೆಯ್ಜೆಗೆ ವಾಸನೆ ಹೋಗಬಾರದು ಅಂತ. ಸಂಜೆ ತೆಯ್ಜೆ ಇಫ್ತಾರಿನ ತಟ್ಟೆಯಲ್ಲಿ ಒಂದನ್ನು ಅವರಿಗೂ ಕಳಿಸುತ್ತಿದ್ದರು.

ಇದನ್ನು ಓದಿ ಎಲ್ಲ ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ಮಗಳ ಕೈಯಲ್ಲಿ ಅನುವಾದ ಮಾಡಿಸಿ ಕೇಳಿದಾಗ ಆ ಹೆಂಗಸು 1993ರ ಮಾತು ಹೇಳಿದರು. ಜುಲೈ 2ರಂದು ಸಿವಾಸ್ ಊರಿನಲ್ಲಿ ಅಲೆವಿಗಳ ಉತ್ಸವಕ್ಕೆ ಬಂದಿದ್ದ ಕವಿಗಳು, ಹಾಡುಗಾರರು ಇಳಿದುಕೊಂಡಿದ್ದ ಹೋಟೆಲಿಗೆ ಶುಕ್ರವಾರದ ನಮಾಜು ಮುಗಿಸಿ ಬಂದ ಗುಂಪು ಬೆಂಕಿ ಹಚ್ಚಿತು. ಉತ್ಸವಕ್ಕೆ ಬಂದ 33 ಜನ, ಹೋಟೆಲಿನ ಇಬ್ಬರು ಕೆಲಸಗಾರರು ಸತ್ತರು. ಹೇಳುವಾಗ ಅವರು ಟೀ ಲೋಟ ಕೆಳಗಿಟ್ಟರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಅವರ ಮಗನಿಗೆ ಶಾಲೆಯಲ್ಲಿ ಧರ್ಮದ ಪಾಠ ಕಡ್ಡಾಯ. 1982ರ ಸಂವಿಧಾನದಲ್ಲೇ ಹಾಗಿದೆ. ಕ್ರೈಸ್ತ, ಯಹೂದಿ ಮಕ್ಕಳಿಗೆ ಬೇಡ ಅನ್ನಬಹುದು. ಅಲೆವಿ ಮಕ್ಕಳೂ ಮುಸ್ಲಿಮರೇ ಅಂತ ಲೆಕ್ಕ, ಆದ್ದರಿಂದ ಕೂರಲೇಬೇಕು, ಅಲ್ಲಿ ಬಹುಸಂಖ್ಯಾತರಾದ ಸುನ್ನಿಗಳ ಪದ್ಧತಿಯ ಪಾಠವನ್ನೇ ಕಲಿಯಬೇಕು. ಇದು ಸರಿಯಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲೇ ಹೇಳಿದೆ. ಪಾಠ ಇನ್ನೂ ನಡೆಯುತ್ತಿದೆ.

ಈಗ ಪತ್ರ ಬರೆದ ಆ ಇಬ್ಬರ ಮಾತಿಗೆ ಬರುತ್ತೇನೆ. ಧರ್ಮವನ್ನು ಸರ್ಕಾರದಿಂದ ದೂರ ಇಟ್ಟ ದೇಶ ಅಂತ ಟರ್ಕಿಯನ್ನು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ತಿಳಿದುಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದೇ ಬೇರೆ. 1924ರ ಮಾರ್ಚ್ 3ರಂದು ಮುಸ್ಲಿಂ ಲೋಕದ ಮುಖ್ಯಸ್ಥರು ಅನ್ನಿಸಿಕೊಂಡಿದ್ದ ಖಲೀಫರ ಪದವಿಯನ್ನು ರದ್ದು ಮಾಡಿದರು, ಅದು ಎಲ್ಲರಿಗೂ ಗೊತ್ತು. ಅದೇ ದಿನ ದಿಯಾನೆತ್ ಅನ್ನುವ ಸರ್ಕಾರಿ ಇಲಾಖೆಯನ್ನೂ ಶುರು ಮಾಡಿದರು. ಮಸೀದಿಗಳೆಲ್ಲ ಅದರ ಕೈಕೆಳಗೆ. ಇವತ್ತು ಸುಮಾರು 90 ಸಾವಿರ ಮಸೀದಿಗಳು. ಇಮಾಮರು ಸರ್ಕಾರಿ ನೌಕರರು. ನಾನು ಹೇಗೆ ತಿಂಗಳ ಸಂಬಳ, ಆಮೇಲೆ ಪಿಂಚಣಿ ತೆಗೆದುಕೊಂಡೆನೋ ಹಾಗೇ ಅವರೂ. ವರ್ಗಾವಣೆಯೂ ಉಂಟು. ಶುಕ್ರವಾರದ ಪ್ರವಚನವನ್ನು ಇಲಾಖೆಯೇ ಬರೆದು ಕಳಿಸುತ್ತದೆ. ಅಳಿಯನ ಸಹೋದ್ಯೋಗಿಯೊಬ್ಬರು ಆ ವಾರದ ಪ್ರವಚನವನ್ನು ಮೊದಲೇ ಫೋನಿನಲ್ಲಿ ತೋರಿಸಿದರು.

ನಮ್ಮ ಮುಜರಾಯಿ ಇಲಾಖೆ ಗೊತ್ತಲ್ಲ, ಅರ್ಚಕರಿಗೆ ತಸ್ತೀಕು ಕೊಡುವುದು? ಅದೇ ಇಲಾಖೆ ಪ್ರತಿ ಶನಿವಾರ ಅರ್ಚಕರು ಏನು ಹೇಳಬೇಕು ಅಂತ ಸುತ್ತೋಲೆ ಕಳಿಸಿದರೆ ಹೇಗಿರುತ್ತದೆ, ಹಾಗಿದೆ ಅಲ್ಲಿ. ಅದನ್ನೇ ಅವರು ಲಾಯಿಕ್‌ಲಿಕ್ ಅನ್ನುತ್ತಾರೆ. ಫ್ರೆಂಚಿನಿಂದ ಬಂದ ಪದ, 1937ರಲ್ಲಿ ಸಂವಿಧಾನಕ್ಕೆ ಸೇರಿಸಿದರು. ಮೊದಲು ಕೇಳಿದಾಗ ನನಗೆ ನಮ್ಮ ‘ಲಾಯಕ್ಕು’ ನೆನಪಾಯಿತು. ಆ ಪದವೂ ಅವರಲ್ಲಿದೆಯಂತೆ, ಅರ್ಥವೂ ನಮ್ಮದೇ. ಕಾಗದ, ಜೇಬು, ತಾಜಾ, ಮೈದಾನ, ವಕೀಲ, ಸಾಬೂನು, ಇವೂ ಚೂರುಪಾರು ಬದಲಾಗಿ ಅಲ್ಲಿ ಸಿಕ್ಕವು. ಇರಲಿ. ನಮ್ಮ ಜಾತ್ಯತೀತ ಅನ್ನುವ ಪದದಲ್ಲಿ ಎಲ್ಲ ಧರ್ಮಕ್ಕೂ ಒಂದೇ ಸಮ ಜಾಗ ಅನ್ನುವ ಅರ್ಥ ನಮ್ಮ ಮನಸ್ಸಿನಲ್ಲಿದೆ. ಅವರ ಪದದಲ್ಲಿ ಅದು ಇಲ್ಲ. ಧರ್ಮದ ಹಗ್ಗವನ್ನು ಸರ್ಕಾರ ಕೈಯಲ್ಲಿ ಹಿಡಿದುಕೊಳ್ಳುವುದು ಅನ್ನುವ ಅರ್ಥವೇ ಜಾಸ್ತಿ.

ಹಗ್ಗ ಹಿಡಿದ ಕೈ ಬದಲಾದರೆ ಏನಾಗುತ್ತದೆ? ಅದನ್ನೇ ಆ ಕಟ್ಟಡದಲ್ಲಿ ನೋಡಿದೆ.

1932ರಲ್ಲಿ ಆಜಾನನ್ನು ಅರಬ್ಬಿಯಲ್ಲಿ ಕೂಗಬಾರದು, ಟರ್ಕಿ ಭಾಷೆಯಲ್ಲೇ ಕೂಗಬೇಕು ಅಂತ ಮಾಡಿದರು. ಮಾರನೇ ವರ್ಷ ಫೆಬ್ರವರಿಯಲ್ಲಿ ಇದೇ ಬುರ್ಸಾದ ದೊಡ್ಡ ಮಸೀದಿ ಉಲು ಜಾಮಿಯಲ್ಲಿ ಜನ ಸೇರಿ ಪ್ರತಿಭಟಿಸಿದರು. ಬಂಧನ ಆಯಿತು. 1950ರಲ್ಲಿ ಬೇರೆ ಪಕ್ಷದ ಸರ್ಕಾರ ಬಂದ ಕೂಡಲೇ ಅರಬ್ಬಿಗೆ ಮತ್ತೆ ಅನುಮತಿ ಸಿಕ್ಕಿತು. ಆ ಮಸೀದಿಗೆ ನಾನು ಹೋಗಿದ್ದೆ. 14ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಮೇಲೆ 20 ಗುಮ್ಮಟ, ಒಳಗೇ ನೀರಿನ ಕಾರಂಜಿ. ಬಾಗಿಲಲ್ಲಿ ತಲೆವಸ್ತ್ರ ಇಟ್ಟಿರುತ್ತಾರೆ. ನಾನು ಸೀರೆ ಸೆರಗನ್ನು ತಲೆ ಮೇಲೆ ಎಳೆದುಕೊಂಡೆ. ಕಾವಲಿನ ಹುಡುಗಿ ನಕ್ಕು ಒಳಗೆ ಬಿಟ್ಟಳು. ಮಕ್ಕಳು ಕಾರ್ಪೆಟ್ ಮೇಲೆ ಓಡಾಡುತ್ತಿದ್ದವು, ಯಾರೂ ಗದರಲಿಲ್ಲ.

ಇಸ್ತಾಂಬುಲ್‌ಗೆ ಎರಡೇ ದಿನ ಹೋದದ್ದು. ಹಾಗಿಯಾ ಸೋಫಿಯಾ ನೋಡಿದೆವು. 537ರಲ್ಲಿ ಚರ್ಚು, 1453ರಲ್ಲಿ ಮಸೀದಿ, 1934ರ ತೀರ್ಮಾನದಿಂದ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿ. ನಾವು ಹೋದಾಗ ವಿದೇಶಿ ಪ್ರವಾಸಿಗರು ಮೇಲಿನ ಮಹಡಿಗೆ ಮಾತ್ರ ಹೋಗಬೇಕಿತ್ತು, ತಲೆಗೆ 25 ಯೂರೊ ಇತ್ತು. ಜನಜಂಗುಳಿ. ನನಗೆ ಬುರ್ಸಾದ ಮಸೀದಿಯೇ ಇಷ್ಟ.

ಬುರ್ಸಾದ ಒಂದು ಸಮಾಧಿಗೆ ತೆಯ್ಜೆಯೇ ಕರೆದುಕೊಂಡು ಹೋದರು. ಎಮಿರ್ ಸುಲ್ತಾನ್ ಅನ್ನುವ ಸಂತರದು. ಹೆಂಗಸರೇ ಜಾಸ್ತಿ. ಮದುವೆ ಆಗಬೇಕಾದವರು, ಪರೀಕ್ಷೆ ಬರೆಯಬೇಕಾದವರು, ಮಗು ಬೇಕಾದವರು ಕೈ ಚಾಚಿ ನಿಂತಿದ್ದರು. ಸಂತರ ಸಮಾಧಿಗಳ ಬಾಗಿಲಲ್ಲಿ ದಿಯಾನೆತ್‌ನವರ ಫಲಕ ಇರುತ್ತದೆ: ಹರಕೆ ಕಟ್ಟಬಾರದು, ಮೇಣದ ಬತ್ತಿ ಹಚ್ಚಬಾರದು, ಬಟ್ಟೆ ಕಟ್ಟಬಾರದು. ಮಗಳು ಓದಿ ಹೇಳಿದಳು. ನಾನು ಅಲ್ಲೇ ನಿಂತು ನಮ್ಮ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾ ನೆನೆಸಿಕೊಂಡೆ. ಚಿಂತಾಮಣಿಯಿಂದ ಬಸ್ಸು ಹತ್ತಿದರೆ ಕುಂಕುಮ ಇಟ್ಟವರೂ ಬುರ್ಖಾ ಹಾಕಿದವರೂ ಒಂದೇ ಸೀಟಿನಲ್ಲಿ ಕೂತು ಹೋಗುತ್ತಾರೆ. ಮಗಳು ಹುಟ್ಟುವ ಮುಂಚೆ ನಮ್ಮತ್ತೆ ಅಲ್ಲಿಗೆ ಹರಕೆ ಹೊತ್ತಿದ್ದರು. ಸರ್ಕಾರ ಬೋರ್ಡು ಹಾಕಿದರೂ ಹೆಂಗಸರ ಬೇಡಿಕೆ ನಿಲ್ಲುವುದಿಲ್ಲ. ಸಂತರ ಆಶ್ರಮಗಳನ್ನು, ಸಮಾಧಿಗಳನ್ನು 1925ರಲ್ಲಿ ಅತಾತುರ್ಕ್ ಸರ್ಕಾರ ಮುಚ್ಚಿತ್ತು. ಇವತ್ತು ಆ ಸಮಾಧಿಯ ಮುಂದೆ ಕಾಲಿಡಲು ಜಾಗ ಇರಲಿಲ್ಲ.

ಅತಾತುರ್ಕ್ ಮಾಡಿದ್ದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. 1926ರಲ್ಲಿ ಸ್ವಿಟ್ಜರ್‌ಲೆಂಡಿನ ಕಾನೂನು ತಂದು ಬಹುಪತ್ನಿತ್ವ ನಿಲ್ಲಿಸಿದರು. 1934ರಲ್ಲಿ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಓಟು ಕೊಟ್ಟರು, ನಿಲ್ಲುವ ಹಕ್ಕೂ ಕೊಟ್ಟರು. ತೆಯ್ಜೆ ಆ ಫೋಟೊ ತೂಗುಹಾಕಿದ್ದು ಅದಕ್ಕೇ. ‘ನಮ್ಮಜ್ಜಿ ನಾಲ್ಕು ಹೆಂಡಿರಲ್ಲಿ ಒಬ್ಬಳು. ನಾನು ಒಬ್ಬಳೇ’ ಅಂದರು. ಮದುವೆಯೊಂದಕ್ಕೂ ಹೋಗಿದ್ದೆವು. ನಗರಸಭೆಯ ಅಧಿಕಾರಿಣಿ ಕೆಂಪು ಗೌನು ಹಾಕಿಕೊಂಡು ಬಂದು ‘ಒಪ್ಪಿಗೆಯಾ?’ ಅಂತ ಕೇಳಿದರು. ಹುಡುಗಿ ಮೈಕಿನಲ್ಲಿ ‘ಎವೆತ್’, ಅಂದರೆ ಹೌದು, ಅಂತ ಕೂಗಿ, ಹುಡುಗನ ಕಾಲು ತುಳಿದಳು. ಮದುವೆ ದಾಖಲೆಯ ಕೆಂಪು ಪುಸ್ತಕವನ್ನು ಹುಡುಗಿ ಕೈಗೇ ಕೊಟ್ಟರು. ಇಮಾಮರ ನಿಕಾಹ್ ಮನೆಯಲ್ಲಿ ಬೇರೆ.

ಆದರೆ ತಲೆವಸ್ತ್ರದ ವಿಷಯದಲ್ಲಿ ಏನಾಯಿತು ನೋಡಿ. ತೆಯ್ಜೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ತಲೆಗೆ ಕಟ್ಟುತ್ತಾಳೆ, ಚಿಕ್ಕವಳು ಕಟ್ಟುವುದಿಲ್ಲ. ದೊಡ್ಡವಳು 1998ರಲ್ಲಿ ಕಾಲೇಜಿಗೆ ಸೇರಿದಳು. 1997ರಲ್ಲಿ ಸೇನೆಯವರು ಸರ್ಕಾರದ ಮೇಲೆ ಒತ್ತಡ ಹಾಕಿದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ತಲೆವಸ್ತ್ರದ ನಿಷೇಧ ಬಿಗಿಯಾಗಿತ್ತು. ಗೇಟಿನಲ್ಲಿ ತಡೆದರು. ಆಗ ಬಹಳ ಹುಡುಗಿಯರು ಮಾಡಿದ್ದನ್ನೇ ಅವಳೂ ಮಾಡಿದಳು. ವಸ್ತ್ರ ಕಾಣದ ಹಾಗೆ ಅದರ ಮೇಲೆ ವಿಗ್ ಹಾಕಿಕೊಂಡು ಹೋದಳು. ನನಗೆ ಆ ವಿಗ್ಗನ್ನು ತೋರಿಸಿದರು. ಅಲಮಾರಿಯ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಕಂದು ಬಣ್ಣ, ಕೂದಲು ಗಂಟುಗಂಟು, ಒಳಗಿನ ಎಲಾಸ್ಟಿಕ್ ಪುಡಿಪುಡಿ. ಎಸೆಯಲು ಮನಸ್ಸು ಬರುವುದಿಲ್ಲವಂತೆ. ಒಂದು ವರ್ಷ ಹಾಗೆ ಹೋಗಿ, ಅವಮಾನ ತಡೆಯಲಾರದೆ ಓದು ಬಿಟ್ಟಳು. ವಿಶ್ವವಿದ್ಯಾಲಯಗಳಲ್ಲಿ ನಿಷೇಧ ಸಡಿಲವಾದದ್ದು 2010ರಲ್ಲಿ. ಸರ್ಕಾರಿ ಕಚೇರಿಗಳಲ್ಲಿ 2013ರಲ್ಲಿ ತೆಗೆದರು. ಆ ಹೊತ್ತಿಗೆ ಇವಳಿಗೆ ಇಬ್ಬರು ಮಕ್ಕಳು.

ಈಗ ಚಿಕ್ಕವಳ ಸರದಿ. ಅವಳು ಶಾಲೆಯಲ್ಲಿ ಟೀಚರ್. ರಮ್ಜಾನ್ ಎರಡನೇ ವಾರ, ಶೇರ್ ಆಟೋ ಥರದ ದೋಲ್ಮುಷ್ ವ್ಯಾನಿನಲ್ಲಿ ಯಾರೋ ಗಂಡಸು ಅವಳ ಬಟ್ಟೆ ನೋಡಿ ಏನೋ ಅಂದನಂತೆ. ಮನೆಗೆ ಬಂದು ಅತ್ತಳು. ತಂಗಿಯ ಪರವಾಗಿ ಎಲ್ಲರಿಗಿಂತ ಜೋರಾಗಿ ಸಿಟ್ಟು ಮಾಡಿದ್ದು ಯಾರು ಗೊತ್ತೇ? ಆ ವಿಗ್ ಹಾಕಿದ್ದ ಅಕ್ಕ. ಇಫ್ತಾರಿನ ಮೇಜಿನಲ್ಲಿ ಅಕ್ಕ ತಂಗಿ ಪಕ್ಕಪಕ್ಕ ಕೂತು ಬೇಳೆ ಸೂಪು ಕುಡಿಯುವುದನ್ನು ನಾನು ನೋಡಿದೆ. ಒಬ್ಬಳ ತಲೆಯಿಂದ ಬಟ್ಟೆ ಕೀಳುವುದಕ್ಕೆ ಒಂದು ಕಾಲದವರು ನಿಂತರು. ಇನ್ನೊಬ್ಬಳಿಗೆ ಬಟ್ಟೆ ಸಾಲದು ಅನ್ನುವವರು ಇನ್ನೊಂದು ಕಾಲಕ್ಕೆ ಬಂದರು. ಎರಡು ಸಲವೂ ಮನೆಗೆ ಬಂದು ಅತ್ತವರು ಹೆಣ್ಣುಮಕ್ಕಳು.

ಏಪ್ರಿಲ್ 9ರ ಯುಗಾದಿಯನ್ನು ನಾನು ಮರೆಯುವುದಿಲ್ಲ. ಅವರ ಹಬ್ಬ ಮಾರನೇ ದಿನ, 10ಕ್ಕೆ. ಮಾವಿನ ಸೊಪ್ಪು ಅಲ್ಲಿ ಎಲ್ಲಿ ಸಿಗಬೇಕು? ಸಂತೆಯಲ್ಲಿ ಪಲಾವ್ ಎಲೆಯಂಥ ದೆಫ್ನೆ ಸೊಪ್ಪು ಸಿಕ್ಕಿತು, ಅದನ್ನೇ ಪೋಣಿಸಿ ಬಾಗಿಲಿಗೆ ಕಟ್ಟಿದೆ. ಬೇವಿನ ಹೂವು ಊರಿನಿಂದಲೇ ಒಣಗಿಸಿ ತಂದಿದ್ದೆ. ಒಬ್ಬಟ್ಟು ಬೇಯಿಸುತ್ತಿದ್ದಾಗ ತೆಯ್ಜೆ ಇಳಿದು ಬಂದರು. ಅವತ್ತು ಅವರಲ್ಲಿ ಹಿರಿಯರ ಗೋರಿಗಳಿಗೆ ಹೋಗುವ ದಿನ. ಗಂಡನ ಗೋರಿಗೆ ಹಾಕಲು ಒಂದು ಬಾಟಲಿ ನೀರು, ಸೊಪ್ಪಿನ ಕಟ್ಟು ಹಿಡಿದುಕೊಂಡಿದ್ದರು. ತೋರಣ ಮುಟ್ಟಿ ನೋಡಿದರು. ಒಬ್ಬಟ್ಟಿನ ತುಪ್ಪದ ವಾಸನೆಗೆ ಕಣ್ಣು ಮುಚ್ಚಿ ನಕ್ಕರು. ಉಪವಾಸ. ನನಗೆ ಕೈ ಕಾಲು ಆಡಲಿಲ್ಲ. ಹಬ್ಬದ ದಿನ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಹೇಗೆ? ಅವರೇ ಕೈಸನ್ನೆ ಮಾಡಿ ಸಂಜೆ ಅಂದರು.

ಸಂಜೆ ಏಳೂವರೆ ದಾಟಿತು. ಆಜಾನ್ ಆಯಿತು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಆಮೇಲೆ ನನ್ನ ಬೇವುಬೆಲ್ಲಕ್ಕೇ ಕೈ ಹಾಕಿದರು. ಮುಖ ಸಿಂಡರಿಸಿ ಮಗಳನ್ನು ಏನೋ ಕೇಳಿದರು. ‘ಶೇಕರ್ ಕಾಯಿಲೆಗೆ ಒಳ್ಳೆಯದಾ ಅಂತ ಕೇಳ್ತಿದ್ದಾರೆ ಅಮ್ಮ’ ಅಂದಳು ಮಗಳು. ಸಕ್ಕರೆಗೂ ಸಕ್ಕರೆ ಕಾಯಿಲೆಗೂ ಅವರಲ್ಲಿ ಅದೇ ಪದ. ಮಾರನೇ ದಿನದ ಹಬ್ಬದ ಹೆಸರೂ ಶೇಕರ್ ಬಾಯ್ರಾಮ್, ಸಕ್ಕರೆ ಹಬ್ಬ. ಆ ಹೆಸರಿನಲ್ಲೂ ಅಲ್ಲಿ ಪಕ್ಷ ಇದೆ. ಶೇಕರ್ ಬಾಯ್ರಾಮ್ ಅನ್ನುವವರು ಒಂದು ಕಡೆಯವರು, ರಮಜಾನ್ ಬಾಯ್ರಾಮ್ ಅನ್ನುವವರು ಇನ್ನೊಂದು ಕಡೆಯವರು ಅಂತ ಲೆಕ್ಕ. ತೆಯ್ಜೆ ಎರಡೂ ಅನ್ನುತ್ತಿದ್ದರು. ಬೆಳಿಗ್ಗೆ ಕಟ್ಟಡದ ಮಕ್ಕಳೆಲ್ಲ ಬಂದು ನನ್ನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡವು. ಕೆಳಗಿನ ಮನೆಯ ಅಲೆವಿ ಹುಡುಗನೂ ಬಂದಿದ್ದ. ತೆಯ್ಜೆ ಎಲ್ಲರ ಅಂಗೈಗೆ ನಿಂಬೆ ಪರಿಮಳದ ಕೊಲೊನ್ಯಾ ಸುರಿದರು. ನಮ್ಮ ಮದುವೆಮನೆಯ ಪನ್ನೀರು ನೆನಪಾಯಿತು.

ಇನ್ನು ನನ್ನ ಕಸುಬಿನ ಮಾತು. ಬುರ್ಸಾ ಒಂದು ಕಾಲಕ್ಕೆ ರೇಷ್ಮೆಯ ಊರು ಅಂತ ನನಗೆ ಗೊತ್ತೇ ಇರಲಿಲ್ಲ. ಪೇಟೆ ನಡುವೆ ಕೋಜಾ ಹಾನ್ ಇದೆ. ಕೋಜಾ ಅಂದರೆ ಗೂಡು. ಹಾನ್ ಅಂದರೆ ವ್ಯಾಪಾರಿಗಳ ಛತ್ರ. 1491ರಲ್ಲಿ ಎರಡನೇ ಬಾಯಜೀದ್ ಸುಲ್ತಾನ ಕಟ್ಟಿಸಿದ್ದು. ಎರಡು ಅಂತಸ್ತು, ನಡುವೆ ಮರಗಳ ಅಂಗಳ, ಅಂಗಳದ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ. ಸುತ್ತಮುತ್ತಲ ಹಳ್ಳಿಯವರು ಗೂಡು ತಂದು ಇಲ್ಲೇ ಮಾರುತ್ತಿದ್ದರು. ನಾನು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಗೂಡಿನ ಮಾರುಕಟ್ಟೆಯ ಗಲಾಟೆ, ಆ ಹಸಿ ಗೂಡಿನ ವಾಸನೆ, ಕನ್ನಡ ತೆಲುಗು ಉರ್ದು ಮೂರೂ ಕಲೆಸಿದ ಮಾತು, ಎಲ್ಲ ಒಟ್ಟಿಗೆ ಬಂತು. ನಮ್ಮಲ್ಲಿ ಸೊಪ್ಪು ಬೆಳೆದು ಹುಳ ಸಾಕುವ ರೈತರಲ್ಲಿ ಹಿಂದೂಗಳು ಜಾಸ್ತಿ. ಬಿಸಿನೀರಿನಲ್ಲಿ ಕೈ ಅದ್ದಿ ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ಜಾಸ್ತಿ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. 31 ವರ್ಷ ನಾನು ನೋಡಿದ್ದೇ ಅದು.

ಕೋಜಾ ಹಾನ್‌ನಲ್ಲಿ ಈಗ ಗೂಡು ಇಲ್ಲ. ರೇಷ್ಮೆ ತಲೆವಸ್ತ್ರದ ಅಂಗಡಿಗಳು. ಮಧ್ಯಾಹ್ನದ ನಮಾಜಿಗೆ ಹೋದ ಅಂಗಡಿಯವನು ಬಾಗಿಲಿಗೆ ಅಡ್ಡ ಒಂದು ಕುರ್ಚಿ ಇಟ್ಟು ಹೋಗಿದ್ದ. ಬೀಗ ಇಲ್ಲ. ಪಕ್ಕದ ಅಂಗಡಿಯವನು ನಮಾಜಿಗೆ ಹೋಗದೆ ಸಿಗರೇಟು ಸೇದುತ್ತಾ ಎರಡೂ ಅಂಗಡಿ ನೋಡಿಕೊಳ್ಳುತ್ತಿದ್ದ. ನಾನು ಕಾದು, ಕುರ್ಚಿ ಅಂಗಡಿಯವನ ಹತ್ತಿರವೇ ಒಂದು ವಸ್ತ್ರ ಕೊಂಡೆ. ತಿಳಿ ಹಸಿರು, ಅಂಚಿನಲ್ಲಿ ದಾಳಿಂಬೆ ಹೂವು.

ಅದು ಯಾರಿಗೆ ಅಂತ ಹೇಳಿ ಮುಗಿಸುತ್ತೇನೆ. ನಮ್ಮ ಬೀದಿಯ ಹಿಂದೆ ಒಬ್ಬ ರೀಲರ್ ಇದ್ದಾರೆ. ನಾನು ಕೆಲಸಕ್ಕೆ ಸೇರಿದ ಕಾಲದಿಂದ ಪರಿಚಯ. ಅವರ ಮಗಳು 2022ರಲ್ಲಿ ದ್ವಿತೀಯ ಪಿಯು ಓದುತ್ತಿದ್ದಳು. ಉಡುಪಿಯಲ್ಲಿ ಶುರುವಾದದ್ದು ನಮ್ಮ ಜಿಲ್ಲೆಗೂ ಬಂತು. ಕಾಲೇಜಿನ ಗೇಟಿನಲ್ಲಿ ಹಿಜಾಬ್ ತೆಗೆದು ಒಳಗೆ ಬಾ ಅಂದರು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅವಳು ಪರೀಕ್ಷೆಗೆ ಹೋಗಲೇ ಇಲ್ಲ. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಅವಳು ಅಪ್ಪನ ಜೊತೆ ನೂಲಿನ ಕೆಲಸಕ್ಕೆ ಕೂತಾಗಿತ್ತು. ಆ ದಿನ ಗೇಟಿನ ಎದುರಿನ ಬಸ್‌ಸ್ಟಾಪಿನಲ್ಲಿ ನಾನೂ ನಿಂತಿದ್ದೆ. ಆ ಮಗು ನನ್ನ ಕಡೆ ನೋಡಿತು. ನಾನು ಬಸ್ಸು ಬಂತು ಅಂತ ಹತ್ತಿ ಹೊರಟೆ. ಕೋರ್ಟು ಕಾನೂನು ಏನೇ ಇರಲಿ, ಹತ್ತಿರ ಹೋಗಿ ‘ಬಾಮ್ಮ, ಏನಾಯ್ತು?’ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಬುರ್ಸಾದಲ್ಲಿ ಆ ಬಿಸ್ಕತ್ತಿನ ಡಬ್ಬಿ ತೆಗೆದು ತೋರಿಸಿದಾಗ ನನಗೆ ಕಂಡದ್ದು ಇವಳ ಮುಖ.

ಊರಿಗೆ ಬಂದ ವಾರ ವಸ್ತ್ರ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರಪ್ಪ ಮೊದಲು ಮಾಡಿದ ಕೆಲಸ ಅಂಚಿನಿಂದ ಒಂದು ಎಳೆ ಎಳೆದದ್ದು. ಬೆರಳಲ್ಲಿ ಹೊಸೆದರು. ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿದರು. ಕೂದಲು ಸುಟ್ಟ ವಾಸನೆ. ‘ಅಸಲಿ ಮಾಲು, ಮೇಡಂ’ ಅಂದರು. ಮಗಳು ಅದನ್ನು ಕಟ್ಟಿಕೊಂಡು ಕನ್ನಡಿ ಮುಂದೆ ನಿಂತಳು.

‘ಆಂಟಿ, ಅಲ್ಲಿ ಇದನ್ನ ಹಾಕ್ಕೊಂಡು ಕಾಲೇಜಿಗೆ ಹೋಗಬಹುದಾ?’

‘ಈಗ ಹೋಗಬಹುದು’ ಅಂದೆ.

‘ಎಷ್ಟು ವರ್ಷ ಆಯ್ತಂತೆ ಅವರಿಗೆ?’

ನಾನು ಲೆಕ್ಕ ಹೇಳಿದೆ. ಅವಳು ತನ್ನ ವಯಸ್ಸು ಕೂಡಿಸಿ ನೋಡಿ ಸುಮ್ಮನಾದಳು.

ಖಾಸಗಿಯಾಗಿ ಪರೀಕ್ಷೆ ಕಟ್ಟಲು ಅರ್ಜಿ ತುಂಬಿಸಿದ್ದೇವೆ. ವಾಣಿಜ್ಯ ವಿಭಾಗ. ಲೆಕ್ಕಶಾಸ್ತ್ರ ನನಗೆ ಬರುವುದಿಲ್ಲ, ಅದಕ್ಕೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಪ್ಪಿದ್ದಾರೆ. ಕನ್ನಡ ನಾನು ಹೇಳಿಕೊಡುತ್ತೇನೆ. ಸಂಜೆ ಆರಕ್ಕೆ ಬರುತ್ತಾಳೆ, ಕೈಗೆ ಇನ್ನೂ ಬೇಯಿಸಿದ ಗೂಡಿನ ವಾಸನೆ ಇರುತ್ತದೆ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ರೇಷ್ಮೆ ಪ್ರದರ್ಶಕಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ